ಪಾಕದ ಹದ ಯಾರ ತಲೆಯಲ್ಲಿದೆ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ಈ ಮೈದಾನದಲ್ಲಿ ನಾನು ಹಿಂದೆ ಮೈಕ್ ಹಿಡಿದದ್ದು ಒಂದೇ ಸಲ. ಒಂಬತ್ತನೇ ಕ್ಲಾಸಿನಲ್ಲಿ, ಸ್ವಾತಂತ್ರ್ಯ ದಿನದಂದು. ಎರಡು ಸಾಲು ಹೇಳಿ ಮೂರನೆಯದು ಮರೆತು ಇಳಿದು ಬಂದೆ. ಇವತ್ತು ಮರೆಯಬಾರದೆಂದು ಬರೆದುಕೊಂಡೇ ಬಂದಿದ್ದೇನೆ.

ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಬಾಡಿಗೆ ಟೆಂಪೋದಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಬ್ಲಫ್‌ಗೆ ಕರೆದುಕೊಂಡು ಹೋಗಿದ್ದರು. ಶಿವನಸಮುದ್ರದ ವಿದ್ಯುದಾಗಾರವನ್ನು ನಮ್ಮ ಕಡೆ ಎಲ್ಲರೂ ಬ್ಲಫ್ ಎಂದೇ ಕರೆಯುವುದು. ಮೇಲೆ ನಿಂತು, ಕೆಳಗೆ ಇಳಿಯುವ ದಪ್ಪ ಕೊಳವೆಗಳನ್ನು ತೋರಿಸಿ ಮೇಷ್ಟ್ರು ಕೇಳಿದರು: "ಇಲ್ಲಿ ಹುಟ್ಟಿದ ಕರೆಂಟು ಮೊದಲು ಯಾವ ಊರಿಗೆ ಹೋಯ್ತು, ಹೇಳ್ರೋ?" ನಾವೆಲ್ಲ ಒಟ್ಟಿಗೆ, "ಮಳವಳ್ಳಿಗೆ ಸಾ" ಎಂದೆವು. ಒಬ್ಬ ಮಾತ್ರ "ಮಂಡ್ಯಕ್ಕೆ" ಎಂದ. ಮೇಷ್ಟ್ರು ನಕ್ಕು, "ಕೋಲಾರದ ಚಿನ್ನದ ಗಣಿಗೆ ಕಣ್ರೋ. ಏಕೆ ಅಂತ ಮನೆಗೆ ಹೋಗಿ ಯೋಚನೆ ಮಾಡಿ" ಎಂದರು.

ಮನೆಗೆ ಹೋಗಿ ಯಾರೂ ಯೋಚನೆ ಮಾಡಲಿಲ್ಲ. ನಾನು ಯೋಚನೆ ಮಾಡಿದ್ದು ಹದಿನೈದು ವರ್ಷ ಆದಮೇಲೆ, ಡೆನ್ಮಾರ್ಕ್ ಎಂಬ ದೇಶದ ಒಂದು ಬಂದರಿನಲ್ಲಿ ಚಳಿಗೆ ನಡುಗುತ್ತಾ ನಿಂತಾಗ. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನನ್ನ ಕೆಲಸ ಏನು ಎಂದು ಊರಿನಲ್ಲಿ ತುಂಬ ಜನ ಕೇಳುತ್ತಾರೆ. "ಕಂಪ್ಯೂಟರು" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಸರಿಯಾಗಿ ಹೇಳುತ್ತೇನೆ. ಯೂರೋಪಿನ ಉತ್ತರ ಸಮುದ್ರದಲ್ಲಿ, ದಡದಿಂದ ಹತ್ತಾರು ಕಿಲೋಮೀಟರ್ ಒಳಗೆ, ನೀರಿನಲ್ಲಿ ಕಂಬ ನೆಟ್ಟು ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ನೀವು ನೋಡಿರುವಂಥವೇ, ಆದರೆ ಬಹಳ ದೊಡ್ಡವು. ಅವುಗಳ ಬೇರಿಂಗು ಎಷ್ಟು ಬಿಸಿಯಾಗಿದೆ, ರೆಕ್ಕೆ ಎಷ್ಟು ಅದುರುತ್ತಿದೆ ಎಂಬ ಲೆಕ್ಕ ಕ್ಷಣಕ್ಷಣಕ್ಕೂ ಬರುತ್ತಿರುತ್ತದೆ. ಯಂತ್ರ ಕೆಡುವ ಮೊದಲೇ ಅದನ್ನು ಕಂಡುಹಿಡಿಯುವ ಪ್ರೋಗ್ರಾಮನ್ನು ಬೆಂಗಳೂರಿನಲ್ಲಿ ಕೂತು ನಾವು ಬರೆಯುತ್ತೇವೆ.

ಆ ಕೆಲಸದ ಮೇಲೆ ಎರಡು ವಾರ ನನ್ನನ್ನು ಎಸ್ಬಿಯರ್ಗ್ ಎಂಬ ಬಂದರಿಗೆ ಕಳಿಸಿದ್ದರು. ಅಲ್ಲಿ ಒಬ್ಬ ಮೆಕ್ಯಾನಿಕ್‌ನ ಒಂದು ದಿನದ ಸಂಬಳ ಕೇಳಿ ನನಗೆ ತಲೆ ತಿರುಗಿತು. ಊಟ, ಮನೆ, ಕೂಲಿ ಎಲ್ಲವೂ ದುಬಾರಿ. ಆದರೂ ಜಗತ್ತಿನ ಸಮುದ್ರಗಳಲ್ಲಿ ಗಾಳಿಯಂತ್ರ ನಿಲ್ಲಿಸುವ ವಿದ್ಯೆಗೆ ಆ ಪುಟ್ಟ ದೇಶವೇ ಮುಂದು. ಅಗ್ಗಕ್ಕೆ ಕೂಲಿ ಸಿಗುವ ದೇಶಗಳು ಇಷ್ಟಿರುವಾಗ ಇದು ಹೇಗೆ ಸಾಧ್ಯ? ನಾವು ಬೆಂಗಳೂರಿನವರು ನಂಬಿದ್ದ ಲೆಕ್ಕ ಬೇರೆ: ಯಾರು ಕಡಿಮೆ ಹಣಕ್ಕೆ ಮಾಡುತ್ತಾರೋ ಕೆಲಸ ಅವರಿಗೆ.

ಒಂದು ಬೆಳಗ್ಗೆ ನಮ್ಮ ಪ್ರೋಗ್ರಾಂ ಒಂದು ಯಂತ್ರಕ್ಕೆ ಕೆಂಪು ಗುರುತು ಹಾಕಿತು. ಬೇರಿಂಗು ಬಿಸಿಯಾಗಿದೆ, ಜನ ಕಳಿಸಿ ಎಂದು. ಅಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಪರದೆ ನೋಡಿ ಬೇಡ ಎಂದ. ಗಾಳಿ ಒಂದು ದಿಕ್ಕಿನಿಂದ ಬೀಸಿದಾಗ ಆ ಸಾಲಿನ ಯಂತ್ರಗಳು ಹಾಗೆಯೇ ತೋರಿಸುತ್ತವೆ, ಸಂಜೆಗೆ ಸರಿಹೋಗುತ್ತದೆ ಎಂದ. ಸಂಜೆಗೆ ಸರಿಹೋಯಿತು. ಅವನು ಹುಡುಗನಾಗಿದ್ದಾಗ ಮೀನು ಹಿಡಿಯುವ ದೋಣಿಯಲ್ಲಿದ್ದವನು, ಆಮೇಲೆ ಸಮುದ್ರದ ತೈಲ ಬಾವಿಗಳಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವನು. ನನಗೆ ಆಶ್ಚರ್ಯ ಆದದ್ದು ಅವನ ಅನುಭವ ಕಂಡಲ್ಲ. ಅಂಥ ಅನುಭವಿಗಳನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೆ. ಆಶ್ಚರ್ಯ ಆದದ್ದು, "ಇದು ನಿಮಗೆ ಹೇಗೆ ಗೊತ್ತು?" ಎಂದಾಗ ಅವನು ಒಂದು ದಾಖಲೆ ತೆಗೆದು ತೋರಿಸಿದ್ದಕ್ಕೆ. ಎರಡು ವರ್ಷದ ಹಿಂದೆಯೇ ಅವನು ಅದನ್ನು ಬರೆದಿಟ್ಟಿದ್ದ. ಅವನ ಜೊತೆಯವರೆಲ್ಲ ಓದಿದ್ದರು. ಓದದೇ ಇದ್ದವರು ನಾವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು ನಮ್ಮ ಆಲೆಮನೆ.

ನಿಮ್ಮಲ್ಲಿ ಹಿರಿಯರಿಗೆ ಗೊತ್ತಿದೆ, ನಮ್ಮಪ್ಪ ಆಲೆಮನೆ ನಡೆಸುತ್ತಿದ್ದರು. ಗಾಣಕ್ಕೆ ಕಬ್ಬು ಕೊಡುವವರು, ಒಲೆಗೆ ಸಿಪ್ಪೆ ಹಾಕುವವರು, ಅಚ್ಚು ತುಂಬುವವರು ಎಲ್ಲರೂ ಸಿಗುತ್ತಿದ್ದರು. ಆದರೆ ಆಲೆಮನೆಯ ಜೀವ ಇದ್ದದ್ದು ಒಬ್ಬರ ಕೈಯಲ್ಲಿ. ನಾವು ಅವರನ್ನು ಪಾಕದಣ್ಣ ಎನ್ನುತ್ತಿದ್ದೆವು. ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಯಾವಾಗ ಬಿಡಬೇಕು, ಸುಣ್ಣ ಎಷ್ಟು ಹಾಕಬೇಕು, ಮಡ್ಡಿ ಯಾವಾಗ ತೆಗೆಯಬೇಕು, ಎಲ್ಲ ಅವರು ಹೇಳಿದಂತೆ. ಗುಳ್ಳೆಯ ಗಾತ್ರ ನೋಡಿ, ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ, "ಇಳ್ಸ್ರೋ" ಎಂದರೆ ಇಳಿಸಬೇಕು. ಅರ್ಧ ನಿಮಿಷ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಬೇಗ ಇಳಿಸಿದರೆ ಅಚ್ಚು ಕಟ್ಟುವುದಿಲ್ಲ. ಕಾಲುವೆ ಕಬ್ಬಿಗೂ ಬೋರಿನ ಕಬ್ಬಿಗೂ ಹದ ಬೇರೆ ಎಂದು ಅವರಿಗೆ ಗೊತ್ತಿತ್ತು. ಅಪ್ಪ ಒಂದು ಸಲ ನನಗೂ ಕಲಿಸಿಕೊಡಿ ಎಂದು ಕೇಳಿದರಂತೆ. "ನೋಡ್ಕಂಡು ಕಲ್ತ್ಕೊಬೇಕು ಗೌಡ್ರೆ, ಯೋಳ್ಕೊಡಕ್ಕೆ ಆಗಕಿಲ್ಲ" ಎಂದರಂತೆ. ಅದರಲ್ಲಿ ಅವರ ತಪ್ಪಿಲ್ಲ. ಆ ವಿದ್ಯೆಯೇ ಅವರ ಅನ್ನ. ಹಂಚಿಕೊಟ್ಟರೆ ಮುಂದಿನ ಸುಗ್ಗಿಗೆ ಯಾರು ಕರೆಯುತ್ತಾರೆ?

ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ ಪಾಕದಣ್ಣನಿಗೆ ಲಕ್ವ ಹೊಡೆಯಿತು. ಮಾತೂ ನಿಂತಿತು. ಆ ಸುಗ್ಗಿಯಲ್ಲಿ ಅಪ್ಪ ಬೇರೆಯವರನ್ನು ಕರೆದರು. ಒಂದು ಅಡುಗೆ ಕಪ್ಪಾದರೆ ಇನ್ನೊಂದು ಜೋಲುಬೆಲ್ಲ. ಬೆಲ್ಲದ ಬಣ್ಣ ನೋಡಿಯೇ ಮಂಡಿಯಲ್ಲಿ ಬೆಲೆ ಕಟ್ಟುವುದು. ಎರಡು ಸುಗ್ಗಿ ನಷ್ಟ ತಡೆದುಕೊಂಡು, ಮೂರನೆಯ ವರ್ಷ ಗಾಣ ಮಾರಿದರು. ಮಾರಿದ ದಿನ ಅಪ್ಪ ಊಟ ಮಾಡಲಿಲ್ಲ. ನಾನು ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಬಿ.ಇ. ಸೇರಿದ್ದು ಆ ಗಾಣದ ದುಡ್ಡಿನಲ್ಲಿ.

ನಮ್ಮ ಗಾಣ, ನಮ್ಮ ಕೊಪ್ಪರಿಗೆ, ನಮ್ಮ ಕಬ್ಬು ಎಲ್ಲ ಇದ್ದವು. ಹೋದದ್ದು ಒಂದೇ, ಒಬ್ಬರ ತಲೆಯಲ್ಲಿದ್ದ ತಿಳುವಳಿಕೆ. ಎಸ್ಬಿಯರ್ಗಿನ ಆ ಮೆಕ್ಯಾನಿಕ್ ನಾಳೆ ಕೆಲಸ ಬಿಟ್ಟರೂ ಅವನಿಗೆ ಗೊತ್ತಿದ್ದರಲ್ಲಿ ಬಹುಪಾಲು ಆ ಬಂದರಿನಲ್ಲೇ ಉಳಿಯುತ್ತದೆ. ದುಬಾರಿ ದೇಶ ಗೆಲ್ಲುವುದು ಹೀಗೆ ಎಂದು ನನಗೆ ಅನ್ನಿಸಿತು.

ಇದು ಅವರಿಗೆ ಹೇಗೆ ಬಂತು ಎಂದು ಓದಿ ನೋಡಿದೆ. ಈ ಕಥೆ ಶುರುವಾಗುವುದು ಒಬ್ಬ ಮೇಷ್ಟ್ರಿಂದ. ಪೌಲ್ ಲಾ ಕೂರ್ ಎಂಬವರು ಆಸ್ಕೋವ್ ಎಂಬ ಹಳ್ಳಿಯಲ್ಲಿ ರೈತರ ಮಕ್ಕಳು ಓದುವ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. 1891ರಲ್ಲಿ ಶಾಲೆಯ ಪಕ್ಕದಲ್ಲೇ ಗಾಳಿಗಿರಣಿ ಕಟ್ಟಿ ಅದರಿಂದ ಕರೆಂಟು ತೆಗೆದರು. ಅಷ್ಟಕ್ಕೇ ನಿಲ್ಲಿಸದೆ ಹಳ್ಳಿಗಳಿಗೆ ಬೇಕಾದ ಎಲೆಕ್ಟ್ರಿಷಿಯನ್‌ಗಳನ್ನು ತಯಾರು ಮಾಡಲು ತರಗತಿ ನಡೆಸಿದರು. ಅಲ್ಲಿ ಕಲಿತ ಯೋಹಾನೆಸ್ ಯೂಲ್ ಎಂಬ ಹುಡುಗ ದೊಡ್ಡವನಾಗಿ, 1957ರಲ್ಲಿ ಗೆಡ್ಸರ್ ಎಂಬಲ್ಲಿ ಮೂರು ರೆಕ್ಕೆಯ, 200 ಕಿಲೋವ್ಯಾಟಿನ ಗಾಳಿಯಂತ್ರ ನಿಲ್ಲಿಸಿದ. ಇವತ್ತು ನಾವು ನೋಡುವ ಮೂರು ರೆಕ್ಕೆಯ ಯಂತ್ರಗಳಿಗೆ ಅದು ಅಜ್ಜನಿದ್ದಂತೆ.

1973ರಲ್ಲಿ ತೈಲದ ಬೆಲೆ ಏರಿದಾಗ ಹಲವು ದೇಶಗಳು ಗಾಳಿಯ ಕಡೆ ತಿರುಗಿದವು. ಜರ್ಮನಿಯವರು ಬಹಳ ಹಣ ಹಾಕಿ, 100 ಮೀಟರ್ ಅಗಲದ ರೆಕ್ಕೆಚಕ್ರದ, 3 ಮೆಗಾವ್ಯಾಟಿನ ಗ್ರೋವಿಯಾನ್ ಎಂಬ ದೈತ್ಯ ಯಂತ್ರವನ್ನು 1983ರಲ್ಲಿ ನಿಲ್ಲಿಸಿದರು. 1987ರ ಹೊತ್ತಿಗೆ ಅದು ಓಡಿದ್ದು ಎಲ್ಲ ಸೇರಿ ಸುಮಾರು 420 ಗಂಟೆ. ಆಮೇಲೆ ಬಿಚ್ಚಿಹಾಕಿದರು. ಡೆನ್ಮಾರ್ಕಿನಲ್ಲಿ ಆಗ ಬಡಗಿಗಳು, ಕಮ್ಮಾರರು, ಟ್ರ್ಯಾಕ್ಟರ್ ಹಿಂದಿನ ಟ್ರೇಲರ್ ಮಾಡುವವರು ಚಿಕ್ಕ ಚಿಕ್ಕ ಯಂತ್ರ ಕಟ್ಟುತ್ತಿದ್ದರು. ಯಂತ್ರ ಕೊಂಡ ರೈತರು 1978ರಲ್ಲಿ ಒಂದು ಸಂಘ ಮಾಡಿಕೊಂಡರು. ಯಾರ ಯಂತ್ರ ಎಷ್ಟು ಕರೆಂಟು ಕೊಟ್ಟಿತು, ಯಾರದ್ದು ಎಲ್ಲಿ ಮುರಿಯಿತು ಎಂದು ಪತ್ರಿಕೆಯಲ್ಲಿ ಹಾಕತೊಡಗಿದರು. ಅದೇ ವರ್ಷ ರಿಸೋ ಎಂಬ ಸಂಶೋಧನಾ ಕೇಂದ್ರದಲ್ಲಿ ಯಂತ್ರಗಳ ಪರೀಕ್ಷೆ ಶುರುವಾಯಿತು. ಮರುವರ್ಷದಿಂದ ಸರ್ಕಾರ ಬೆಲೆಯಲ್ಲಿ 30 ಪರ್ಸೆಂಟ್ ಸಹಾಯಧನ ಕೊಟ್ಟಿತು, ಆದರೆ ರಿಸೋದವರು ಒಪ್ಪಿದ ಯಂತ್ರಕ್ಕೆ ಮಾತ್ರ. ಹೀಗಾಗಿ ಎಲ್ಲರ ಯಂತ್ರದ ಗುಣ ದೋಷ ಒಂದು ಕಡೆ ಸೇರಿತು. ಒಬ್ಬ ಮಾಡಿದ ತಪ್ಪನ್ನು ಇನ್ನೊಬ್ಬ ಮಾಡಬೇಕಾಗಿರಲಿಲ್ಲ.

1991ರಲ್ಲಿ ವಿಂಡೆಬಿ ಎಂಬಲ್ಲಿ ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಕೇಂದ್ರ ಶುರುವಾಯಿತು. 450 ಕಿಲೋವ್ಯಾಟಿನ 11 ಯಂತ್ರಗಳು. 2002ರಲ್ಲಿ ಎಸ್ಬಿಯರ್ಗಿನ ಆಚೆ ಹಾರ್ನ್ಸ್ ರೆವ್ ಎಂಬಲ್ಲಿ 80 ಯಂತ್ರ ನಿಲ್ಲಿಸಿದರು. ಅಲ್ಲಿ ದೊಡ್ಡ ಪೆಟ್ಟು ಬಿತ್ತು. ಉಪ್ಪುಗಾಳಿಗೆ ಟ್ರಾನ್ಸ್‌ಫಾರ್ಮರ್, ಜನರೇಟರ್‌ಗಳು ಕೆಟ್ಟು, 2004ರಲ್ಲಿ 80 ಯಂತ್ರಗಳ ತಲೆಭಾಗವನ್ನೂ ಬಿಚ್ಚಿ ದಡಕ್ಕೆ ತಂದು ರಿಪೇರಿ ಮಾಡಬೇಕಾಯಿತು. ಎಂಥ ನಷ್ಟ ಯೋಚಿಸಿ. ಆದರೆ ಸಮುದ್ರದಲ್ಲಿ ಯಂತ್ರ ಹೇಗೆ ಕೆಡುತ್ತದೆ ಎಂಬ ಪಾಠ ಮೊದಲು ಕಲಿತವರು ಅವರೇ ಆದರು.

ಸಮುದ್ರದಲ್ಲಿ ಈ ತಿಳುವಳಿಕೆಗೆ ಬೆಲೆ ಹೆಚ್ಚು. ದೊಡ್ಡ ಕ್ರೇನ್ ಹಡಗು ಅಲೆ ಇಳಿಯಲಿ ಎಂದು ಒಂದು ದಿನ ಸುಮ್ಮನೆ ನಿಂತರೆ ಹೋಗುವ ಬಾಡಿಗೆಯ ಮುಂದೆ ಮೆಕ್ಯಾನಿಕ್‌ನ ಸಂಬಳ ಏನೂ ಅಲ್ಲ. ನಾಲ್ಕರಷ್ಟು ಸಂಬಳ ತೆಗೆದುಕೊಳ್ಳುವವನು ಕೆಲಸವನ್ನು ಒಂದೇ ಸಲಕ್ಕೆ ಸರಿಯಾಗಿ ಮುಗಿಸಿದರೆ ಕೊನೆಗೆ ಅವನೇ ಅಗ್ಗ. ಎಸ್ಬಿಯರ್ಗಿನಲ್ಲಿ ಹಡಗಿನವನು, ಕೇಬಲ್ ಹಾಸುವವನು, ರೆಕ್ಕೆ ರಿಪೇರಿಯವನು, ಕಲಿಸುವ ಶಾಲೆ ಎಲ್ಲವೂ ಸೈಕಲ್ ತುಳಿದರೆ ಮುಟ್ಟುವಷ್ಟು ದೂರದಲ್ಲಿವೆ.

ಇದನ್ನು ಈಗ ಕ್ಲಸ್ಟರ್ ಎನ್ನುತ್ತಾರೆ. ಒಂದೇ ಕಸುಬಿನವರು ಒಂದೇ ಸೀಮೆಯಲ್ಲಿ ನೆಲೆ ನಿಲ್ಲುವುದು. ನಮಗೆ ಇದೇನೂ ಹೊಸದಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಬೆಳಗ್ಗೆ ಹೋಗಿ ನೋಡಿ. ಮರ ಹತ್ತುವವರು, ಕಾಯಿ ನೋಡಿಯೇ ವಿಂಗಡಿಸುವವರು, ಲೋಡು ಕಟ್ಟುವವರು, ಯಾವ ಊರಿಗೆ ಎಷ್ಟು ದಿನಕ್ಕೆ ತಲುಪಬೇಕೆಂದು ಬಲ್ಲ ಲಾರಿಯವರು ಎಲ್ಲ ಒಂದೇ ಕಡೆ. ಎಳನೀರು ಕರಾವಳಿಯಲ್ಲೂ ಇದೆ, ಕೇರಳದಲ್ಲೂ ಇದೆ. ಆದರೂ ದೂರದ ಊರಿನ ವ್ಯಾಪಾರಿ ಮದ್ದೂರಿಗೇ ಫೋನು ಮಾಡುತ್ತಾನೆ.

ಈಗ ಬ್ಲಫ್‌ಗೆ ವಾಪಸ್ ಬರೋಣ. ಮೇಷ್ಟ್ರ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಲಾಟ್‌ಬಿನಿಯೇರ್ ಎಂಬ ಎಂಜಿನಿಯರ್ ಈ ಯೋಜನೆ ಹಾಕಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರುಗಳು, ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯ ಟರ್ಬೈನುಗಳು ಬಂದವು. ರೈಲಿನಲ್ಲಿ ಬಂದದ್ದು ಮದ್ದೂರಿನವರೆಗೆ. ಅಲ್ಲಿಂದ ಆನೆ, ಎತ್ತು, ಕುದುರೆಗಳನ್ನು ಕಟ್ಟಿ ಆ ಭಾರವನ್ನೆಲ್ಲ ಎಳೆದು ತಂದರೆಂದು ಹಿರಿಯರು ಹೇಳುತ್ತಾರೆ. 1902ರ ಜೂನ್ ಕೊನೆಯಲ್ಲಿ ಕರೆಂಟು ಹರಿಯಿತು. 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ಗಣಿಗೇ ಮೊದಲು ಏಕೆಂದರೆ, ದುಡ್ಡು ಕೊಟ್ಟು ಕರೆಂಟು ಕೊಳ್ಳುವವರು ಅವರೇ ಇದ್ದರು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಬೇಸಿಗೆಯಲ್ಲೂ ಈ ಯಂತ್ರಗಳಿಗೆ ನೀರು ಸಿಗಬೇಕೆಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು ಮಾಡಲು ಒಂದು ದೊಡ್ಡ ಕಾರಣ. ಆ ಕಟ್ಟೆಯಿಂದ ಕಾಲುವೆ, ಕಾಲುವೆಯಿಂದ ಕಬ್ಬು, ಕಬ್ಬಿನಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ. ನಮ್ಮಪ್ಪನ ಆಲೆಮನೆಯ ಬೇರು ಹಿಡಿದು ಹೋದರೂ ಕೊನೆಗೆ ಬ್ಲಫ್‌ಗೇ ಬರುತ್ತೇವೆ.

ಆದರೆ ಒಂದು ಮಾತು ಚುಚ್ಚುತ್ತದೆ. ಮೊದಮೊದಲು ಯಂತ್ರ ನಡೆಸಲು ಹೊರಗಿನಿಂದ ಎಂಜಿನಿಯರುಗಳು ಬಂದರು, ಆಮೇಲೆ ನಮ್ಮವರು ಕಲಿತರು. ಕಲಿತ ವಿದ್ಯೆ ಎಲ್ಲಿ ಗುಂಪು ಕಟ್ಟಿತು? ಬೆಂಗಳೂರಿನಲ್ಲಿ. 1911ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಶುರುವಾಯಿತು, 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, ಆಮೇಲೆ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್. ಅದರ ಮೇಲೆ ಸಾಫ್ಟ್‌ವೇರ್ ನಿಂತಿತು. ನಾನು ಇವತ್ತು ಕೂತು ಕೆಲಸ ಮಾಡುವ ಕುರ್ಚಿಗೂ ಇದೇ ತಾಲೂಕಿನ ನೀರೇ ಮೂಲ. ಆದರೆ ನಮ್ಮ ಊರಿನ ಮೇಲೆ ಹಾದು ಹೋದದ್ದು ತಂತಿ ಮಾತ್ರ. ನಮ್ಮ ಮನೆಗೆ ಕರೆಂಟು ಬಂದಾಗ ನಮ್ಮಪ್ಪ ನಾಲ್ಕನೇ ಕ್ಲಾಸು. ಅಂದರೆ, ಸಂಪತ್ತು ಒಂದು ಊರಿನಲ್ಲಿದ್ದ ಮಾತ್ರಕ್ಕೆ ಊರು ಬೆಳೆಯುವುದಿಲ್ಲ. ಅದನ್ನು ಬಳಸುವ ತಿಳುವಳಿಕೆ ಎಲ್ಲಿ ಕೂಡುತ್ತದೋ ಆ ಊರು ಬೆಳೆಯುತ್ತದೆ. ಡೆನ್ಮಾರ್ಕಿಗಿಂತ ಜೋರು ಗಾಳಿ ಬೀಸುವ ಸಮುದ್ರಗಳು ಬೇಕಾದಷ್ಟಿವೆ.

ನಾನು ಡೆನ್ಮಾರ್ಕನ್ನು ಹೊಗಳಿಕೊಂಡು ಕೂರಲು ಬಂದಿಲ್ಲ. ಅವರಿಗೆ ಸರ್ಕಾರದ ಆಸರೆ ಇತ್ತು, ಊರ ಹತ್ತಿರವೇ ಯಂತ್ರ ಕೊಳ್ಳುವವರಿದ್ದರು. ಅದಿಲ್ಲದೆ ಬರೀ ತಿಳುವಳಿಕೆ ನಿಲ್ಲುತ್ತಿರಲಿಲ್ಲ. ಈಗ ಸಮುದ್ರದಲ್ಲಿ ಅತಿ ಹೆಚ್ಚು ಗಾಳಿಯಂತ್ರ ಇರುವುದು ಚೀನಾದಲ್ಲಿ. ಅವರೂ ಗುಂಪು ಕಟ್ಟಿ ಕಲಿಯುತ್ತಿದ್ದಾರೆ. ಒಂದು ಸಲ ಕಲಿತು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಡೆನ್ಮಾರ್ಕೂ ಹಿಂದೆ ಬೀಳುತ್ತದೆ.

ಈ ಭಯ ನನಗೂ ಇದೆ. ನಮ್ಮಂಥವರಿಗೆ ಕೆಲಸ ಕೊಟ್ಟದ್ದೇ ನಾವು ಅಗ್ಗ ಎಂದು. ನಾಳೆ ನಮಗಿಂತ ಅಗ್ಗದವರು ಸಿಗುತ್ತಾರೆ, ಇಲ್ಲವೇ ಕಂಪ್ಯೂಟರೇ ಪ್ರೋಗ್ರಾಂ ಬರೆಯುತ್ತದೆ. ಎಸ್ಬಿಯರ್ಗಿನಿಂದ ಬಂದ ಮೇಲೆ ನಾನು ಗಾಳಿಯ ಬಗ್ಗೆ, ಬೇರಿಂಗಿನ ಬಗ್ಗೆ ಓದಲು ಶುರುಮಾಡಿದೆ. 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವ್ಯಾಟಿನ ಗಾಳಿ ವಿದ್ಯುತ್ತಿಗೆ 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿದೆ. ಆ ಕೆಲಸ ನಡೆಯುವಾಗ ಯಂತ್ರದ ಮರ್ಮ ಬಲ್ಲವರು ಬೇಕಾಗುತ್ತಾರೆ. ಅಗ್ಗಕ್ಕೆ ಸಿಗುವವನಾಗಿ ಅಲ್ಲ, ಬಲ್ಲವನಾಗಿ ಹೋಗಬೇಕೆಂಬುದು ನನ್ನ ಆಸೆ. ಚಾಪೆಯ ಮೇಲೆ ಕೂತಿರುವ ನಿಮ್ಮಲ್ಲೂ ಯಾರಾದರೂ ಬರಬೇಕು.

ಕೊನೆಗೆ ಒಂದು ಕೋರಿಕೆ. ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಏನು ಕೊಡುವುದು ಎಂದು ಚರ್ಚೆ ಮಾಡಿದೆವು. ಕಮಾನು ಕಟ್ಟಿಸೋಣ ಎಂದರು ಕೆಲವರು. ಕಮಾನು ಬೇಡ ಎಂದು ನಾನೇ ಜಗಳ ಮಾಡಿದೆ. ಮಳೆ, ಬಿಸಿಲು, ಗಾಳಿಯ ವೇಗ ಅಳೆಯುವ ಉಪಕರಣಗಳು, ಪಾಕದ ಶಾಖ ನೋಡುವ ಥರ್ಮಾಮೀಟರ್‌ಗಳು, ಮತ್ತು ಗಟ್ಟಿ ರಟ್ಟಿನ ನೂರು ದಪ್ಪ ನೋಟ್‌ಬುಕ್ಕುಗಳು, ಇಷ್ಟನ್ನು ವಿಜ್ಞಾನದ ಕೊಠಡಿಗೆ ಕೊಡುತ್ತಿದ್ದೇವೆ. ಒಂಬತ್ತನೇ ತರಗತಿಯವರು ಸುಗ್ಗಿಯಲ್ಲಿ ಮೇಷ್ಟ್ರ ಜೊತೆ ಆಲೆಮನೆಗಳಿಗೆ ಹೋಗಬೇಕು. ಯಾವ ಗದ್ದೆಯ ಕಬ್ಬು, ಯಾವ ತಳಿ, ಎಷ್ಟು ಶಾಖಕ್ಕೆ ಇಳಿಸಿದರು, ಬೆಲ್ಲ ಹೇಗೆ ಬಂತು, ಕೆಟ್ಟರೆ ಏಕೆ ಕೆಟ್ಟಿತು ಎಂದು ಬರೆಯಬೇಕು. ಕೆಟ್ಟದ್ದನ್ನು ಮರೆಯದೆ ಬರೆಯಿರಿ, ಅದೇ ಮುಖ್ಯ. ಬರೆದದ್ದನ್ನು ವಿ.ಸಿ. ಫಾರಂನ ವಿಜ್ಞಾನಿಗಳಿಗೆ ತೋರಿಸಿ ಕೇಳಿ. ಆಲೆಮನೆ ನಡೆಸುವ ಅಣ್ಣಂದಿರೇ, ಮಕ್ಕಳು ಬಂದರೆ ಗದರಬೇಡಿ. ಪಾಕ ನೋಡುವವರಿಗೆ ಅವರ ವಿದ್ಯೆಗೆ ತಕ್ಕ ಗೌರವ, ತಕ್ಕ ಕೂಲಿ ಕೊಟ್ಟು, ಹೇಳಿಕೊಡಿ ಎಂದು ಕೇಳಿ. ಅನ್ನ ಹೋಗುತ್ತದೆಂಬ ಭಯ ಇಲ್ಲದಿದ್ದರೆ ಅವರು ಖಂಡಿತ ಹೇಳಿಕೊಡುತ್ತಾರೆ.

ಹೋದ ವಾರ ಅಪ್ಪನಿಗೆ ಈ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ್ಲೇ ಯಾರಾದ್ರೂ ಬರ್ದಿಟ್ಟಿದ್ರೆ ಗಾಣ ಉಳಿತಿತ್ತು ಕಣ್ಲಾ" ಎಂದರು. ಆಮೇಲೆ, "ಒಂದು ಬುಕ್ಕು ನಂಗೂ ಕೊಡು. ನಂಗೆ ನೆಪ್ಪಿರೋದ ನಾನು ಯೋಳ್ತೀನಿ, ಯಾರಾದ್ರೂ ಬರ್ಕೊಳ್ಳಿ" ಎಂದರು. ಮೊದಲನೆಯ ನೋಟ್‌ಬುಕ್ಕಿನ ಮೊದಲ ನಾಲ್ಕು ಪುಟ ಅವರು ಹೇಳಿದ್ದು, ನಾನು ಬರೆದದ್ದು. ಉಳಿದ ಪುಟಗಳು ಖಾಲಿ ಇವೆ. ಅವು ನಿಮ್ಮವು.